ಹೆದ್ದಾರಿಗಳ ಮರುಸಂಖ್ಯೆ: ಹಳೆಯ ತುದಿ, ಹೊಸ ತುದಿ

ಸವದತ್ತಿ ತಾಲೂಕಿನ ಹೂಲಿಯಿಂದ ಪಶ್ಚಿಮಕ್ಕೆ ಹೋದರೆ ಕಿತ್ತೂರಿನ ಬಳಿ ರಾಷ್ಟ್ರೀಯ ಹೆದ್ದಾರಿ (ರಾ.ಹೆ.) 48 ಸಿಗುತ್ತದೆ, ಪೂರ್ವಕ್ಕೆ ಹೋದರೆ ನರಗುಂದದಲ್ಲಿ ರಾ.ಹೆ. 52. 2010ರ ಮರುಸಂಖ್ಯೆಗೆ ಮೊದಲು ಎರಡಕ್ಕೂ ಬೇರೆ ಸಂಖ್ಯೆ, ಬೇರೆ ತುದಿಗಳಿದ್ದವು.

ಮುಖ್ಯ ಬದಲಾವಣೆಗಳು

- ರಾ.ಹೆ. 4: ಮುಂಬೈ ಪಕ್ಕದ ಠಾಣೆಯಿಂದ ಪುಣೆ, ಬೆಳಗಾವಿ, ಕಿತ್ತೂರು, ಬೆಂಗಳೂರು ಮಾರ್ಗವಾಗಿ ಚೆನ್ನೈವರೆಗೆ ಇತ್ತು. ದೆಹಲಿ–ಮುಂಬೈ ನಡುವಿನ ಹಳೆಯ ರಾ.ಹೆ. 8 ಜೊತೆಗೂಡಿ ಈಗ ರಾ.ಹೆ. 48 (ದೆಹಲಿ–ಚೆನ್ನೈ).
- ರಾ.ಹೆ. 218: ಹುಬ್ಬಳ್ಳಿ–ನರಗುಂದ–ವಿಜಯಪುರ. ಈಗ ರಾ.ಹೆ. 52ರ ಭಾಗ (ಪಂಜಾಬಿನ ಸಂಗ್ರೂರು–ಅಂಕೋಲಾ).
- ರಾ.ಹೆ. 4ಎ: ಬೆಳಗಾವಿ–ಪಣಜಿ. ಈಗ ರಾ.ಹೆ. 748.
- ರಾ.ಹೆ. 17: ಪನ್ವೇಲ್‌ನಿಂದ ಕೇರಳದ ಇಡಪಳ್ಳಿವರೆಗೆ ಇತ್ತು. ಈಗ ರಾ.ಹೆ. 66, ಕೊನೆ ಕನ್ಯಾಕುಮಾರಿ.

ಸಂಖ್ಯೆಯ ಸೂತ್ರ

- ಉತ್ತರ–ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ.
- ಪೂರ್ವ–ಪಶ್ಚಿಮ ಹೆದ್ದಾರಿಗಳಿಗೆ ಬೆಸಸಂಖ್ಯೆ. ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ.
- ಮೂರಂಕಿ ಇದ್ದರೆ ಕವಲು ರಸ್ತೆ. 748ರ ಕೊನೆಯ ಎರಡಂಕಿ ನೋಡಿ: ತಾಯಿ ಹೆದ್ದಾರಿ 48.

ರಸ್ತೆಯಲ್ಲೇ ಗುರುತಿಸಿ: ಮೈಲಿಗಲ್ಲಿನ ನೆತ್ತಿ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ.

ಮಾದರಿ ಪ್ರಶ್ನೆ: ರಾ.ಹೆ. 4 ಈಗ ಎಲ್ಲಿದೆ?
ಉತ್ತರ: ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ.

ಗಮನಿಸಿ: ಊರವರ ಬಾಯಲ್ಲಿ ಕಿತ್ತೂರಿನ ರಸ್ತೆ ಇನ್ನೂ ‘ಎನ್‌ಎಚ್ ಫೋರ್’. ಹಳೆಯ ಪುಸ್ತಕಗಳಲ್ಲೂ ಅದೇ ಇದೆ. ಪರೀಕ್ಷೆಯಲ್ಲಿ ಮಾತ್ರ 48 ಎಂದೇ ಬರೆಯಿರಿ.