ಚಳಿಜ್ವರದ ಕ್ರಿಮಿಯೂ ನೆತ್ತರಿನ ಕೆಂಪೂ

ಅರಸಿಯಿಂದ ಹೆಸರು ಪಡೆದ ಅರಸೀಕೆರೆಯೂ, ಯಗಚಿಯ ದಡದ ಬೇಲೂರೂ, ದ್ವಾರಸಮುದ್ರದ ಕೆರೆಯ ಬಳಿಯ ಹಳೇಬೀಡೂ ನೀರನ್ನು ನೆಚ್ಚಿ ಬಾಳಿದ ಊರುಗಳಾಗಿವೆ. ಆದರೆ ನೀರಿರುವಲ್ಲಿ ಸೊಳ್ಳೆಯೂ ಹುಟ್ಟುವುದು. ಹಿಂದಿನ ಕಾಲದಲ್ಲಿ ಬಯಲುಸೀಮೆಯ ತಾಯ್ತಂದೆಗಳು ಬೇಲೂರಿನಾಚೆಯ ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದುದಕ್ಕೆ ಚಳಿಜ್ವರದ ಅಂಜಿಕೆಯೂ ಒಂದು ಕಾರಣವಾಗಿತ್ತು. ಮಲೇರಿಯವೆಂಬ ಆ ಜ್ವರವು ನಮ್ಮ ದೇಹದೊಳಗೆ ಮಾಡುವ ಕೆಲಸವೇನೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಅನಾಫಿಲಿಸ್ ಜಾತಿಯ ಸೊಳ್ಳೆಯು ಈ ರೋಗದ ಕ್ರಿಮಿಗಳನ್ನು ಹೊರುವುದೆಂದು ರೊನಾಲ್ಡ್ ರಾಸ್ ಎಂಬ ವೈದ್ಯರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಕೊಂಡರು. ಹೆಣ್ಣು ಸೊಳ್ಳೆಯು ಕಚ್ಚಿದಾಗ ಕ್ರಿಮಿಯು ಮೊದಲು ನಮ್ಮ ಪಿತ್ತಜನಕಾಂಗವನ್ನು ಸೇರಿ ಹೆಚ್ಚುವುದು. ಬಳಿಕ ರಕ್ತಕ್ಕಿಳಿದು ಕೆಂಪು ಕಣಗಳನ್ನು ಹೊಗುವುದು. ಅಲ್ಲಿ ಅದಕ್ಕೆ ಆಹಾರ ಯಾವುದೆಂದರೆ ಹಿಮೋಗ್ಲೋಬಿನ್. ಇದರಲ್ಲಿ ಎರಡು ಭಾಗಗಳುಂಟು: ಗ್ಲೋಬಿನ್ ಎಂಬ ಸಸಾರಜನಕ ಒಂದು, ಕಬ್ಬಿಣವನ್ನೊಳಗೊಂಡು ನೆತ್ತರಿಗೆ ಕೆಂಪು ಕೊಡುವ ಹೀಮ್ ಇನ್ನೊಂದು. ಕ್ರಿಮಿಯು ಗ್ಲೋಬಿನ್ನನ್ನು ಜೀರ್ಣಿಸಿಕೊಳ್ಳುವುದು. ಉಳಿದ ಹೀಮ್ ಅದಕ್ಕೆ ವಿಷವಾದುದರಿಂದ, ಅದನ್ನು ಕಂದುಬಣ್ಣದ ಹರಳುಗಳಾಗಿ ಮಾಡಿ ಬದಿಗಿಡುವುದು. ಕ್ಲೋರೋಕ್ವಿನ್ ಎಂಬ ಔಷಧವು ಹರಳು ಕಟ್ಟದಂತೆ ತಡೆದು, ಕ್ರಿಮಿಯನ್ನು ಅದರ ಎಂಜಲಿನಿಂದಲೇ ಕೊಲ್ಲುತ್ತದೆ.

ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಶಾಸ್ತ್ರಜ್ಞರಾದ ಜಿ. ಪದ್ಮನಾಭನ್ ಅವರು ಈ ವಿಷಯವನ್ನು ಬಹುಕಾಲ ಪರಿಶೋಧಿಸಿದರು. 1994ರಿಂದ 1998ರ ವರೆಗೆ ಅವರು ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 1992ರಲ್ಲಿ ಅವರೂ ಸಹೋದ್ಯೋಗಿಗಳೂ ಒಂದು ಸೋಜಿಗವನ್ನು ಪ್ರಕಟಿಸಿದರು. ಸುತ್ತಲೂ ಹೀಮ್ ರಾಶಿಬಿದ್ದಿದ್ದರೂ ಕ್ರಿಮಿಯು ತನಗೆ ಬೇಕಾದ ಹೀಮನ್ನು ತಾನೇ ತಯಾರಿಸಿಕೊಳ್ಳುವುದು! ತುಂಬಿದ ಕಣಜದಲ್ಲಿ ಕುಳಿತವನು ಬೇರೆ ಹೊಲ ಉತ್ತಂತಾಯಿತು. ಆ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಕ್ರಿಮಿಯು ನಮ್ಮ ರಕ್ತಕಣದಿಂದಲೇ ಒಳಗೆ ತಂದುಕೊಳ್ಳುವುದೆಂದು 2000ದಲ್ಲಿ ತೋರಿಸಿಕೊಟ್ಟರು. ಈ ದಾರಿಯನ್ನು ಕಟ್ಟಿದರೆ ಕ್ರಿಮಿ ಸಾಯುವುದೆಂಬ ಆಸೆ ಮೂಡಿತು.

ಆದರೆ ಆಸೆಯೇ ಪ್ರಮಾಣವಲ್ಲ. ಹೀಮ್ ತಯಾರಿಸುವ ಜೀನುಗಳನ್ನೇ ಕ್ರಿಮಿಯಿಂದ ತೆಗೆದು ಅವರ ಬಳಗವು ಪರೀಕ್ಷಿಸಿತು. 2013ರಲ್ಲಿ ಪ್ರಕಟವಾದ ಫಲಿತಾಂಶವು ಬೇರೆಯಾಗಿತ್ತು: ರಕ್ತದಲ್ಲಿ ಅಂತಹ ಕ್ರಿಮಿಯು ಸಾಯಲಿಲ್ಲ, ನಮ್ಮ ಹೀಮನ್ನು ಬಳಸಿ ಬೆಳೆಯಿತು. ಆದರೆ ಸೊಳ್ಳೆಯ ದೇಹದಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಸ್ವಂತ ಹೀಮ್ ಇಲ್ಲದೆ ಅದು ಮುಂದುವರಿಯಲಾರದೆಂದು ತಿಳಿದುಬಂತು. ಹೀಗೆ ಮೊದಲಿನ ಎಣಿಕೆಯನ್ನು ಎಣಿಸಿದವರೇ ತಿದ್ದಿದರು. ರೋಗಿಯ ಜ್ವರವನ್ನಿಳಿಸುವುದಕ್ಕಿಂತ, ರೋಗವು ಮನೆಯಿಂದ ಮನೆಗೆ ಹಬ್ಬುವುದನ್ನು ತಡೆಯಲು ಈ ಅರಿವು ದಾರಿಯಾಗಬಹುದು. ಇಪ್ಪತ್ತು ವರ್ಷ ನೆಚ್ಚಿದ ವಿಚಾರವನ್ನು ಮತ್ತೆ ಒರೆಗೆ ಹಚ್ಚಿದ ಈ ಧೈರ್ಯವನ್ನು ನಮ್ಮ ಹುಡುಗಿಯರು ಕಲಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಇದೇ ಬಳಗವು ಅರಿಸಿನದ ಕರ್ಕ್ಯುಮಿನ್ ಎಂಬ ಸತ್ವವನ್ನು ಆರ್ಟೀಥರ್ ಎಂಬ ಔಷಧದೊಡನೆ ಕೊಟ್ಟು ಇಲಿಗಳನ್ನು ಬದುಕಿಸಿದ್ದನ್ನು 2006ರಲ್ಲಿ ವರದಿಮಾಡಿತು. ಇದನ್ನು ಓದಿ ತಾಯಂದಿರು ಅರಿಸಿನದ ಹಾಲಿನಿಂದಲೇ ಚಳಿಜ್ವರ ವಾಸಿಯಾಗುವುದೆಂದು ನಂಬಬಾರದು. ಇಲಿಗೆ ಆದುದು ಮನುಷ್ಯನಿಗೂ ಆಗುವುದೆಂಬುದನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು.

ನಮ್ಮ ಪಾಲಿನ ಕೆಲಸ ಸುಲಭವಾದದ್ದು. ತೊಟ್ಟಿಯ ನೀರನ್ನು ಮುಚ್ಚಿಡುವುದು, ಹಿತ್ತಲಿನಲ್ಲಿ ನೀರು ನಿಲ್ಲಗೊಡದಿರುವುದು, ಸೊಳ್ಳೆಪರದೆಯೊಳಗೆ ಮಲಗುವುದು, ನಡುಕದೊಡನೆ ಜ್ವರ ಬಂದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸುವುದು, ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸದಿರುವುದು. ಪ್ರಯೋಗಶಾಲೆಯಲ್ಲಿ ದೊರೆತ ಜ್ಞಾನವು ಮಗುವಿನ ಪ್ರಾಣವನ್ನುಳಿಸುವುದು ಕಡೆಗೆ ಮನೆಯಾಕೆಯ ಎಚ್ಚರಿಕೆಯಿಂದಲೇ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆಯದಿರಲಿ.