ಕ್ರಿಮಿನಾಶಕ ವಿಷಗಳ ಸಾಗಾಣಿಕೆ

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿಗೂ, ಕೃಷ್ಣರಾಜನಗರದ ನಾಲೆಬಯಲಿನ ಬತ್ತಕ್ಕೂ ಸಿಂಪಡಿಸತಕ್ಕ ಔಷಧಗಳು ಪೇಟೆಯಿಂದ ಹಳ್ಳಿಗೆ ಬರುವ ಬಗೆಯನ್ನು ಕಂಡವರಿಗೆ ಆಶ್ಚರ್ಯವಾಗದಿರದು. ಕೊಪ್ಪದಂಥ ಊರಿಗೆ ಹೊರಟ ಗಾಡಿಯಲ್ಲಿ ಅಕ್ಕಿಯ ಮೂಟೆ, ಹಿಂಡಿಯ ಚೀಲ, ವಿಷದ ಡಬ್ಬ ಇವೆಲ್ಲವೂ ಒಂದರ ಮೇಲೊಂದು ಕುಳಿತಿರುತ್ತವೆ. ಬೆಳೆಗೆ ಔಷಧವೆನಿಸಿದ ವಸ್ತುವು ಮನುಷ್ಯನಿಗೆ ವಿಷವೆಂಬುದನ್ನು ಗದ್ದೆಯಲ್ಲಿ ನೆನೆಯುವವರು ದಾರಿಯಲ್ಲಿ ಮರೆಯುತ್ತಾರೆ.

ಈ ಮರೆವಿನ ಫಲವು 1958ನೆಯ ಇಸವಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರೆಯ ಕೇರಳದಲ್ಲಿ ಕಂಡುಬಂದಿತು. ಪ್ಯಾರಾಥಿಯಾನ್ ಎಂಬ ಉಗ್ರ ಕೀಟನಾಶಕವನ್ನು ಆಹಾರ ಪದಾರ್ಥಗಳೊಡನೆ ಸಾಗಿಸಲಾಗಿ, ಅದು ಸೋರಿ ಗೋಧಿಯ ಹಿಟ್ಟಿಗೆ ತಗುಲಿತು. ಹಿಟ್ಟನ್ನು ಉಂಡವರಲ್ಲಿ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು.  ಸರ್ಕಾರವು ನ್ಯಾಯಮೂರ್ತಿ ಜೆ. ಸಿ. ಷಾ ಅವರ ವಿಚಾರಣಾ ಆಯೋಗವನ್ನು ನೇಮಿಸಿತು. ತರುವಾಯ 1968ರಲ್ಲಿ ಕೀಟನಾಶಕಗಳ ಕಾಯಿದೆಯೂ, 1971ರಲ್ಲಿ ಅದರ ನಿಯಮಗಳೂ ಬಂದವು. ಪ್ಯಾರಾಥಿಯಾನ್ ಈಗ ನಿಷಿದ್ಧವಾಗಿದೆ. ಆದರೆ ಅದೇ ಜಾತಿಯ ಬೇರೆ ವಿಷಗಳು ಅಂಗಡಿಗಳಲ್ಲಿ ದೊರೆಯುತ್ತಲೇ ಇವೆ.

ಈ ಜಾತಿಯ ವಿಷವು ಬಾಯಿಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಮೈಗೆ ಸೇರಿ ನರಗಳ ವ್ಯವಹಾರವನ್ನು ಕೆಡಿಸುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಉಸಿರು ಕಟ್ಟುವುದು ಇದರ ಲಕ್ಷಣಗಳು. ಸೆಣಬಿನ ಚೀಲವು ಸೋರಿದ ದ್ರವವನ್ನು ಹೀರಿಕೊಳ್ಳುವುದರಿಂದ ಮೇಲೆ ಒಣಗಿದಂತೆ ಕಂಡರೂ ಒಳಗಿನ ಧಾನ್ಯವು ಕೆಟ್ಟಿರಬಹುದು. ಬಿಸಿಲಿಗೆ ಹರವಿದ ಮಾತ್ರಕ್ಕೆ ಅದು ಶುದ್ಧವಾಯಿತೆಂದು ನಂಬಕೂಡದು.

ನಿಯಮವು ಸ್ಪಷ್ಟವಾಗಿದೆ. ಆಹಾರಕ್ಕಾಗಲಿ ದನದ ಮೇವಿಗಾಗಲಿ ನೇರವಾಗಿ ತಗುಲುವಂತೆ ಕೀಟನಾಶಕವನ್ನು ಸಾಗಿಸಕೂಡದು, ಇಡಕೂಡದು. ಒಡೆದ ಡಬ್ಬದ ವಿಷ ಬೆರೆತ ಧಾನ್ಯವನ್ನು ಅಧಿಕೃತ ಪರೀಕ್ಷೆಯಾಗದೆ ಒಡೆಯನಿಗೆ ಒಪ್ಪಿಸತಕ್ಕದ್ದಲ್ಲ. ಸೋರಿಕೆಯುಂಟಾದರೆ ನೆಲವೂ ನೀರೂ ಕೆಡದಂತೆ ಕೂಡಲೇ ತಡೆಯುವ ಹೊಣೆ ಸಾಗಿಸುವವನದು, ಉಗ್ರಾಣದಲ್ಲಿದ್ದರೆ ಉಗ್ರಾಣದ ಒಡೆಯನದು. ಇನ್ನು ಲಾರಿಯಲ್ಲಿ ಅಪಾಯಕರ ಸರಕನ್ನು ಕಳುಹಿಸುವವರು, ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯವರಾಗಲಿ ಕಾರ್ಖಾನೆಯವರಾಗಲಿ, ಸರಕಿನ ಗುಣವನ್ನೂ ಅಪಾಯವನ್ನೂ ಸಾಗಣೆದಾರನಿಗೆ ಪೂರ್ಣವಾಗಿ ತಿಳಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಬರಿಯ “ಔಷಧ” ಎಂದು ಚೀಟಿಯಲ್ಲಿ ಬರೆದು ಕೈತೊಳೆದುಕೊಳ್ಳುವುದು ಸಲ್ಲದು.

ಡಬ್ಬದ ಮೇಲಿನ ಓರೆಚೌಕವನ್ನು ಓದುಬಾರದವನೂ ಗುರುತಿಸಬಲ್ಲನು. ಕೆಳಗಿನ ಅರ್ಧವು ಕೆಂಪಾಗಿದ್ದರೆ ಅತ್ಯುಗ್ರ ವಿಷ, ಹಳದಿಯಾದರೆ ಉಗ್ರ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಹಸಿರೆಂದರೆ ನಿರಪಾಯವೆಂದು ತಿಳಿಯುವುದು ತಪ್ಪು. ಈ ಚೀಟಿ ಹರಿದ ಡಬ್ಬವನ್ನು ಕೊಳ್ಳಕೂಡದು. ವಿಷವನ್ನು ಎಣ್ಣೆಯ ಸೀಸೆಗೆ ಸುರಿದು ಪಾಲು ಮಾಡಿಕೊಳ್ಳುವ ನೆರೆಹೊರೆಯ ಪದ್ಧತಿಯಂತೂ ಸಾಗಾಣಿಕೆಯ ತಪ್ಪುಗಳಲ್ಲೆಲ್ಲ ಕೆಟ್ಟದ್ದು. ಸೀಸೆಯೊಳಗೇನಿದೆಯೆಂದು ಮನೆಯ ಮಕ್ಕಳಿಗೆ ಹೇಳುವ ಗುರುತೇ ಅಲ್ಲಿ ಉಳಿಯುವುದಿಲ್ಲ.

ಗಾಡಿಯಲ್ಲಿ ತರುವಾಗ ಡಬ್ಬಗಳನ್ನು ಮುಚ್ಚಳ ಮೇಲಾಗಿ ಮರದ ಪೆಟ್ಟಿಗೆಯಲ್ಲಿಟ್ಟು, ಸಂದಿಗೆ ಹುಲ್ಲು ತುಂಬಿ ಅಲುಗದಂತೆ ಕಟ್ಟುವುದು ಒಳ್ಳೆಯದು. ಆ ಹುಲ್ಲನ್ನು ಮತ್ತೆ ದನಕ್ಕೆ ಹಾಕಬಾರದು. ಚೆಲ್ಲಿದರೆ ಒಣಮಣ್ಣು ಇಲ್ಲವೆ ಮರದ ಹೊಟ್ಟನ್ನು ಹಾಕಿ ಹೀರಿಸಿ, ಸಲಿಕೆಯಿಂದ ಬಳಿದು ಬೇರೆಯಾಗಿ ಕಟ್ಟಿಡಬೇಕು. ನೀರು ಸುರಿದು ತೊಳೆದರೆ ವಿಷವು ಚರಂಡಿಯಿಂದ ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ಕಪಿಲೆಗೋ ಹೋಗಿ ಸೇರುವುದು. ಮೈಗೆ ತಗುಲಿದವನ ಬಟ್ಟೆಯನ್ನು ಒಡನೆಯೇ ಕಳಚಿ, ಸಾಬೂನು ಹಚ್ಚಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆಯು ವಿಷದ ಜಾತಿಯನ್ನು ಅವಲಂಬಿಸಿರುವುದರಿಂದ ಡಬ್ಬದ ಚೀಟಿಯನ್ನೂ ವೈದ್ಯರಿಗೆ ತೋರಿಸಬೇಕು.

ಊರಿಗೆ ಬಂದ ಡಬ್ಬಗಳಿಗೆ ಬೀಗವುಳ್ಳ ಪ್ರತ್ಯೇಕ ಕೋಣೆ ಅಥವಾ ಕಪಾಟು ಬೇಕು. ಹೊಗೆಸೊಪ್ಪಿನ ಬ್ಯಾರನ್ನಿನ ಮೂಲೆ ಅದಕ್ಕೆ ತಕ್ಕ ಸ್ಥಳವಲ್ಲ, ಏಕೆಂದರೆ ಅಲ್ಲಿ ಬೆಂಕಿಯಿರುತ್ತದೆ. ಬರಿದಾದ ಡಬ್ಬಗಳನ್ನು ಜಜ್ಜಿ ಮನೆಗಳಿಂದ ದೂರ ಹೂಳಬೇಕೆಂದು ನಿಯಮವಿದೆ. ನೀರು ತುಂಬಲು ಅವು ಎಷ್ಟೇ ಗಟ್ಟಿಯಾಗಿ ಕಂಡರೂ ಸರಿಯೇ.