ಕುದುರೆಯ ಎಲುಬು ಕಂಡಿತು, ಒಡೆಯನ ಮನಸ್ಸು ಕಂಡಿತೇ?

ಕುದುರೆ ಸಾಕುವವರು ಮೂರು ಬಗೆಯವರೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಒಬ್ಬನಿಗೆ ಅದು ಪುಣ್ಯ, ಇನ್ನೊಬ್ಬನಿಗೆ ಮರೆ, ಮತ್ತೊಬ್ಬನಿಗೆ ಹೊರೆ. ಅಲ್ಲಾಹನ ಮಾರ್ಗದಲ್ಲಿ ಕಟ್ಟಿದವನಿಗೆ ಆ ಕುದುರೆ ಮೇದ ಹುಲ್ಲು, ದಾರಿಯ ಹೊಳೆಯಲ್ಲಿ ಕುಡಿದ ನೀರು ಕೂಡ ಪುಣ್ಯವಾಗಿ ಬರೆಯಲ್ಪಡುತ್ತದೆ. ಯಾರ ಮುಂದೆಯೂ ಕೈಚಾಚದೆ ಮಾನವಾಗಿ ಬದುಕಲೆಂದು ಕಟ್ಟಿ, ಅದರ ವಿಷಯದಲ್ಲಿ ಅಲ್ಲಾಹನ ಹಕ್ಕನ್ನು ಮರೆಯದವನಿಗೆ ಅದು ಮರೆ. ಜಂಬಕ್ಕೆ, ತೋರಿಕೆಗೆ, ಮುಸ್ಲಿಮರ ಮೇಲಿನ ಹಗೆಗೆ ಕಟ್ಟಿದವನಿಗೆ ಅದು ಹೊರೆ. ಹ. ಅಬೂ ಹುರೈರ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ.

ಈ ಮೂವರ ಕುದುರೆಗಳನ್ನು ಒಂದೇ ಬೇಲಿಗೆ ಕಟ್ಟಿ ನಿಲ್ಲಿಸಿದರೆ ಯಾವುದು ಯಾರದೆಂದು ನೀವು ಹೇಳಬಲ್ಲಿರಾ? ಕಾಲು ನಾಲ್ಕೇ, ಬಾಲ ಒಂದೇ. ವ್ಯತ್ಯಾಸವಿರುವುದು ಒಡೆಯನ ನಿಯ್ಯತ್ತಿನಲ್ಲಿ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ, ಫೋಟೋದಲ್ಲಂತೂ ಬೀಳುವುದೇ ಇಲ್ಲ.

ಇದನ್ನು ಮಕ್ಕಳಿಗೆ ಹಲವು ವರ್ಷ ಪಾಠ ಹೇಳಿದವನು ನಾನು. ಆದರೂ ನನ್ನಿಂದ ಒಂದು ತಪ್ಪು ನಡೆಯಿತು.

ನಾನಿರುವುದು ಬೆಂಗಳೂರಿನ ಶ್ರೀನಗರದಲ್ಲಿ. ಒಂದು ಬೆಳಿಗ್ಗೆ ಮೊಬೈಲಿಗೆ ಒಂದು ಚಿತ್ರ ಬಂತು. ನಮ್ಮ ಬಡಾವಣೆಯ ಅಂಚಿನ ಖಾಲಿ ನಿವೇಶನದಲ್ಲಿ ಕಟ್ಟಿದ ಕುದುರೆ. ಪಕ್ಕೆಲುಬು ಎಣಿಸಬಹುದು. ತಲೆ ಜೋತು ಬಿದ್ದಿದೆ, ಹಿಂಗಾಲೊಂದು ನೆಲಕ್ಕೆ ಪೂರ್ತಿ ಊರಿಲ್ಲ, ಕಣ್ಣಿನ ಮೇಲೆ ಬಟ್ಟೆಯಂಥದ್ದೇನೋ ಇದೆ. ಹೊಟ್ಟೆಗೆ ಹಾಕದೆ, ಕಾಲು ಮುರಿದು, ಕಣ್ಣು ಕಟ್ಟಿ ನಿಲ್ಲಿಸಿದ್ದಾರೆಂದು ಯಾರೋ ಕೆಳಗೆ ಬರೆದಿದ್ದರು. ನನ್ನ ಹೃದಯ ಮರುಗಿತು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ್ದಕ್ಕಾಗಿ ನರಕಕ್ಕೆ ಹೋದ ಹೆಂಗಸಿನ ಹದೀಸನ್ನು ಅದರ ಜೊತೆಗೆ ಸೇರಿಸಿ, ಕುದುರೆಯವರು ಇದನ್ನು ಓದಲಿ ಎಂದು ಬರೆದು, ಮದ್ರಸದ ಪೋಷಕರ ಗುಂಪಿಗೆ ಕಳುಹಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನವೂ ಇತ್ತು.

ಮರುದಿನದಿಂದ ನನ್ನ ತರಗತಿಯ ಒಬ್ಬ ಹುಡುಗ ಬರಲಿಲ್ಲ. ನಾಲ್ಕನೆಯ ದಿನ ಪಕ್ಕದ ಹುಡುಗನನ್ನು ವಿಚಾರಿಸಿದಾಗ ಅವನು ತಲೆ ತಗ್ಗಿಸಿ ಹೇಳಿದ: "ಹಜ್ರತ್, ಆ ಕುದುರೆ ಅವರ ಅಬ್ಬನದು. ಎಲ್ಲರೂ ಅವನನ್ನು ಜಹನ್ನಮಿಯ ಮಗ ಅಂತ ಕರೀತಾರೆ."

ಅಸರ್ ನಮಾಝಿನ ನಂತರ ಅವರ ಮನೆಗೆ ಹೋದೆ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಟ್ಟು ಬದುಕುವ ಕುಟುಂಬ. ದುಡಿಯುವುದು ಒಂದು ಬಿಳಿ ಹೆಣ್ಣು ಕುದುರೆ. ಚಿತ್ರದಲ್ಲಿದ್ದುದು ಬೇರೆ, ಇಪ್ಪತ್ತು ದಾಟಿದ ಮುದಿ ಕುದುರೆ. ಅದರ ಬೆನ್ನಿಗೆ ಜೀನು ಹಾಕದೆ ಎರಡು ವರ್ಷವಾಗಿತ್ತು. ವಯಸ್ಸಾದ ಕುದುರೆಯ ದವಡೆ ಹಲ್ಲು ಸವೆದು ಒಣಹುಲ್ಲು ಅಗಿಯಲಾಗದು, ಎಷ್ಟು ಹಾಕಿದರೂ ಮೈ ಹಿಡಿಯುವುದು ಕಷ್ಟ. ಅದಕ್ಕೆಂದೇ ಅವರ ಮನೆಯಾಕೆ ದಿನವೂ ಹುರುಳಿ ಬೇಯಿಸಿ, ಬೂಸವನ್ನು ನೀರಲ್ಲಿ ನೆನೆಸಿ ಇಡುತ್ತಿದ್ದರು. ಕಣ್ಣಿನ ಮೇಲಿದ್ದುದು ನೊಣ ಕೂರದಿರಲೆಂದು ಹಾಕುವ ಬಲೆ. ನಾನೇ ಅದನ್ನು ನನ್ನ ಮುಖಕ್ಕೆ ಹಿಡಿದು ನೋಡಿದೆ. ಹೊರಗಿನಿಂದ ಬಟ್ಟೆಯಂತೆ ಕಂಡರೂ ಒಳಗಿನಿಂದ ಎದುರಿನ ಗೋಡೆ, ಅದರ ಮೇಲಿನ ಪೋಸ್ಟರ್ ಎಲ್ಲ ಕಂಡವು. ಇನ್ನು ಕಾಲು. ಕುದುರೆ ನಿಂತೇ ತೂಕಡಿಸುವ ಪ್ರಾಣಿ. ಕೀಲು ಬೀಗ ಹಾಕಿದಂತೆ ನಿಲ್ಲುವ ರಚನೆಯನ್ನು ಸೃಷ್ಟಿಕರ್ತನು ಅದರ ಕಾಲಿಗೆ ಇಟ್ಟಿದ್ದಾನೆ. ಹಾಗೆ ನಿಂತಾಗ ಒಂದು ಹಿಂಗಾಲನ್ನು ಸಡಿಲ ಬಿಟ್ಟು ವಿಶ್ರಾಂತಿ ಕೊಡುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕಾಲು ಬದಲಿಸುತ್ತದೆ. ಕನ್ನಡ ಬಿ.ಎ. ಓದಿದ ನನಗೆ ಇದು ಗೊತ್ತಿರಲಿಲ್ಲ. ಹುಡುಗನಿಗೆ ಗೊತ್ತಿತ್ತು.

ಕೆಲಸಕ್ಕೆ ಬಾರದ ಕುದುರೆಯನ್ನು ಊರ ಹೊರಗೆ ಬಿಟ್ಟು ಬರುವವರಿದ್ದಾರೆ. ಇವರು ಬಿಡಲಿಲ್ಲ. ಬಿಟ್ಟಿದ್ದರೆ ಫೋಟೋ ತೆಗೆಯುವವರಿಗೆ ಇವರ ಮನೆ ಸಿಗುತ್ತಲೂ ಇರಲಿಲ್ಲ!

ಅವರು ಸಿಟ್ಟು ಮಾಡಲಿಲ್ಲ. "ಹಜ್ರತ್, ಒಂದು ಮಾತು ಕೇಳಬಹುದಿತ್ತಲ್ಲ, ಮನೆ ದೂರವೇನಿರಲಿಲ್ಲ" ಎಂದರು, ಅಷ್ಟೇ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತವು, ಸುದ್ದಿ ತಂದವನನ್ನು ನಂಬಿ ಅರಿವಿಲ್ಲದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡದಿರಿ, ಮೊದಲು ವಿಚಾರಿಸಿರಿ ಎಂದು ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ. ಇದರ ಹಿನ್ನೆಲೆಯಾಗಿ ತಫ್ಸೀರ್ ಗ್ರಂಥಗಳು ಒಂದು ಘಟನೆಯನ್ನು ಹೇಳುತ್ತವೆ. ಝಕಾತ್ ಸಂಗ್ರಹಿಸಲು ಬನೂ ಮುಸ್ತಲಿಕ್ ಗೋತ್ರದ ಕಡೆಗೆ ಹೊರಟ ವ್ಯಕ್ತಿಯೊಬ್ಬರು, ಜನರು ಗುಂಪಾಗಿ ಬರುವುದನ್ನು ಕಂಡು ಕೊಲ್ಲಲು ಬಂದರೆಂದು ಭಾವಿಸಿ ಅರ್ಧದಾರಿಯಿಂದಲೇ ಮದೀನಕ್ಕೆ ಮರಳಿದರು. ಬಂದವರು ಅವರನ್ನು ಸ್ವಾಗತಿಸಲು ಬಂದಿದ್ದರು. ಗುಂಪು ಬಂದದ್ದು ನಿಜ, ಕಣ್ಣಾರೆ ಕಂಡದ್ದೂ ನಿಜ. ಕಂಡದ್ದಕ್ಕೆ ಕಟ್ಟಿದ ಅರ್ಥ ಮಾತ್ರ ಸುಳ್ಳು. ನನ್ನ ಮೊಬೈಲಿನಲ್ಲಿದ್ದ ಫೋಟೋವೂ ನಿಜವೇ ಆಗಿತ್ತು.

ಇಂಥ ತಪ್ಪು ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಕರ್ನಾಟಕ 2018ರಲ್ಲಿ ನೋಡಿದೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ವೀಡಿಯೋ ದೇಶವಿಡೀ ಓಡಾಡಿತು. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ತಯಾರಿಸಿದ್ದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದುಬಿಡುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮೇ 23ರಂದು, ನಮ್ಮ ಶ್ರೀನಗರಕ್ಕೆ ಹತ್ತಿರದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಇದೇ ಸಂಶಯದ ಮೇಲೆ ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಆರಂಭ. ಕಾರು ಹೊರಟರೂ ಸಂದೇಶ ಅದಕ್ಕಿಂತ ಮುಂಚೆ ಮುಂದಿನ ಊರು ಸೇರಿತ್ತು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕೆಂಬ ಅರ್ಥದ ಪ್ರವಾದಿ ವಚನ ಮುಸ್ಲಿಮ್ ಗ್ರಂಥದಲ್ಲಿದೆ. ಇಲ್ಲಿ ಅದು ಹಲವರನ್ನು ಕೊಲೆಗಾರರನ್ನಾಗಿಯೂ ಮಾಡಿತು.

ಹಾಗಾದರೆ ಮೂಕಪ್ರಾಣಿಯ ಮೇಲೆ ಹಿಂಸೆ ಕಂಡರೆ ಸುಮ್ಮನಿರಬೇಕೇ? ಖಂಡಿತ ಇಲ್ಲ. ಪ್ರವಾದಿ(ಸ) ಒಮ್ಮೆ ಒಬ್ಬ ಅನ್ಸಾರಿಯ ತೋಟವನ್ನು ಪ್ರವೇಶಿಸಿದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರು ಸುರಿಸಿತು. ಅವರು ಅದರ ತಲೆಯನ್ನು ಸವರಿ ಸಮಾಧಾನ ಮಾಡಿದರು. ನಂತರ ಇದು ಯಾರ ಒಂಟೆಯೆಂದು ವಿಚಾರಿಸಿದರು. ಒಬ್ಬ ತರುಣ ಮುಂದೆ ಬಂದು ತನ್ನದೆಂದಾಗ, ಈ ಪ್ರಾಣಿಯ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬಾರದೇ, ನೀನು ಹಸಿವಿನಲ್ಲಿಟ್ಟು ದಣಿಸುತ್ತೀಯೆಂದು ಅದು ದೂರುತ್ತಿದೆ ಎಂದು ಅವನಿಗೇ ಹೇಳಿದರು. ಅಬೂ ದಾವೂದ್ ಗ್ರಂಥದಲ್ಲಿರುವ ವರದಿಯಿದು. ನೆನಪಿಡಿ, ಅವರಿಗೆ ಒಂಟೆಯ ದೂರು ತಿಳಿದಿತ್ತು. ಆದರೂ ಒಡೆಯನನ್ನು ಕರೆದರು, ಎದುರಿಗೇ ಹೇಳಿದರು. ಹೇಳಿದರೂ ತಿದ್ದಿಕೊಳ್ಳದವರಿಗೆ ಕಾನೂನಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಹಸಿವಿನಲ್ಲಿಡುವುದು, ಅತಿಭಾರ ಹೊರಿಸುವುದು, ಗಾಯಗೊಂಡ ಪ್ರಾಣಿಯಿಂದ ದುಡಿಸುವುದು ಅಪರಾಧ. ಪಶು ವೈದ್ಯರನ್ನು ಕರೆಯಿರಿ, ಪೊಲೀಸರಿಗೆ ತಿಳಿಸಿರಿ. ಫೋಟೋ ಬೇಕಿದ್ದರೆ ಅವರಿಗೆ ಕೊಡಿರಿ.

ಅಲ್ ಆದಿಯಾತ್ ಅಧ್ಯಾಯವನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಏದುಸಿರು ಬಿಡುತ್ತ ಓಡುವ ಕುದುರೆಗಳ ಆಣೆಯಿಂದ ಅದು ಆರಂಭವಾಗುತ್ತದೆ. ಕೊನೆಗೆ ಬರುವುದು ಎದೆಗಳೊಳಗಿರುವುದನ್ನು ಹೊರತೆಗೆಯಲಾಗುವ ದಿನದ ಮಾತು. ಎಷ್ಟೋ ಸಲ ಓದಿಸಿದ್ದರೂ ಆ ಸಂಜೆ ಮನೆಗೆ ಮರಳುವಾಗ ಮಾತ್ರ ಈ ಆರಂಭ, ಈ ಅಂತ್ಯ ಎರಡೂ ಒಟ್ಟಿಗೆ ನೆನಪಾದವು.

ಸಹೋದರನ ಮಾನಕ್ಕೆ ಅನ್ಯಾಯ ಮಾಡಿದವನು ದೀನಾರ್ ದಿರ್ಹಮ್‌ಗಳು ನಡೆಯದ ದಿನ ಬರುವ ಮೊದಲೇ ಅವನಿಂದಲೇ ಬಿಡುಗಡೆ ಪಡೆಯಬೇಕೆಂದು ಬುಖಾರಿಯ ಹದೀಸಿನಲ್ಲಿದೆ. ಬರೇ ತೌಬಾ ಸಾಲದು. ನಾನು ಕ್ಷಮೆ ಕೇಳಿದೆ. ಅವರು ಒಂದೇ ಷರತ್ತು ಹಾಕಿದರು: "ಎಲ್ಲಿ ಬರೆದಿರೋ ಅಲ್ಲೇ ಬರೆಯಿರಿ ಹಜ್ರತ್." ಅದೇ ರಾತ್ರಿ ಪೋಷಕರ ಗುಂಪಿನಲ್ಲಿ ನನ್ನ ತಪ್ಪನ್ನು ಬರೆದು ಹಾಕಿದೆ. ಕುದುರೆಯ ಚಿತ್ರ ಅಷ್ಟರಲ್ಲಿ ನಾನು ಕಾಣದ ಎಷ್ಟು ಗುಂಪುಗಳಿಗೆ ಹೋಗಿತ್ತೋ ಅಲ್ಲಾಹನೇ ಬಲ್ಲ. ನನ್ನ ಕ್ಷಮಾಪಣೆಯನ್ನು ಮಾತ್ರ ಯಾರೂ ಮುಂದಕ್ಕೆ ಕಳುಹಿಸಿದಂತೆ ಕಾಣಲಿಲ್ಲ. ಹುಡುಗ ಮುಂದಿನ ವಾರ ಬಂದ. ಮೊದಲ ಸಾಲಿನಲ್ಲಿ ಕೂರುತ್ತಿದ್ದವನು ಕೆಲವು ದಿನ ಬಾಗಿಲ ಹತ್ತಿರವೇ ಕೂತ.